ಕರೆಯದೆ ಚಿತ್ರದೊಳಗೆ ಬಂದವರು

ಹಂಪಿಯ ವಿಠ್ಠಲ ದೇವಾಲಯದ ಅಂಗಳಕ್ಕೆ ಹೋದವರಲ್ಲಿ ಕಲ್ಲಿನ ರಥದ ಚಿತ್ರವನ್ನು ತೆಗೆಯದೆ ಹಿಂದಿರುಗಿದವರು ವಿರಳ. 2017ರಲ್ಲಿ ಚಲಾವಣೆಗೆ ಬಂದ 50 ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ ಆ ರಥವೇ ಅಚ್ಚಾಗಿರುವುದರಿಂದ, ಅದನ್ನು ಪ್ರತ್ಯಕ್ಷವಾಗಿ ಕಾಣದವರಿಗೂ ಅದರ ಆಕಾರ ಪರಿಚಿತವಾಗಿದೆ. ತನ್ನ ಚಿತ್ರವೂ ಅಷ್ಟೇ ನಿಚ್ಚಳವಾಗಿ ಮೂಡಿಬರಲೆಂದು ಪ್ರವಾಸಿಗನು ಆಶಿಸುತ್ತಾನೆ. ಮಡದಿ ಮಕ್ಕಳನ್ನು ರಥದ ಮುಂದೆ ಸಾಲಾಗಿ ನಿಲ್ಲಿಸಿ, ಎಲ್ಲರೂ ಇತ್ತ ನೋಡಿರೆಂದು ಹೇಳಿ, ಇನ್ನೇನು ಗುಂಡಿಯನ್ನು ಒತ್ತಬೇಕು ಎನ್ನುವಷ್ಟರಲ್ಲಿ ಎಡಗಡೆಯಿಂದ ಕೊಡೆ ಹಿಡಿದ ಹಿರಿಯರೊಬ್ಬರು ನಿಧಾನವಾಗಿ ನಡೆದುಬರುತ್ತಾರೆ. ಅವರು ದಾಟಿಹೋದರೆಂದರೆ ಬಲಗಡೆಯಿಂದ ಶಾಲಾಮಕ್ಕಳ ಒಂದು ದಂಡೇ ಬರುತ್ತದೆ. ಚಿತ್ರ ತೆಗೆಯುವವನ ಸಹನೆ ಕರಗುತ್ತದೆ. ಈ ಜನ ಎಲ್ಲಿಂದ ಬಂದರೋ ಎಂದು ಗೊಣಗುತ್ತಾನೆ. ಅದೇ ಕ್ಷಣದಲ್ಲಿ ತಾನು ಮತ್ತೊಬ್ಬರ ಚಿತ್ರದ ನಟ್ಟನಡುವೆ ನಿಂತಿರುವುದು ಮಾತ್ರ ಅವನ ಅರಿವಿಗೆ ಬರುವುದಿಲ್ಲ.

ಇಷ್ಟು ಸಣ್ಣ ತೊಂದರೆಯನ್ನು ಕುರಿತು ಒಂದು ಲೇಖನವನ್ನೇ ಬರೆಯಬೇಕೆ ಎಂದು ವಾಚಕರು ಕೇಳಬಹುದು. ಒಂದು ಕಾಲದಲ್ಲಿ ಕ್ಯಾಮೆರಾ ಊರಿಗೊಂದೋ ಎರಡೋ ಇರುತ್ತಿತ್ತು. ಮೂವತ್ತಾರು ಚಿತ್ರಗಳ ಒಂದು ಸುರುಳಿಯನ್ನು ಜಿಪುಣನ ಹಣದಂತೆ ಎಣಿಸಿ ಎಣಿಸಿ ಖರ್ಚು ಮಾಡುತ್ತಿದ್ದೆವು. ಇಂದಾದರೋ ದೂರವಾಣಿಯ ಜೊತೆಗೇ ಕ್ಯಾಮೆರಾ ಬಹುತೇಕ ಎಲ್ಲರ ಜೇಬನ್ನೂ ಸೇರಿದೆ. ಶಾಲೆಯ ವಾರ್ಷಿಕೋತ್ಸವ, ಶೈಕ್ಷಣಿಕ ಪ್ರವಾಸ, ಮದುವೆ, ಜಾತ್ರೆ, ಯಾವುದೇ ಇರಲಿ, ನಾವೆಲ್ಲರೂ ದಿನವೂ ಅಪರಿಚಿತರನ್ನು ನಮ್ಮ ಚಿತ್ರಗಳಲ್ಲಿ ಸೆರೆಹಿಡಿಯುತ್ತಿದ್ದೇವೆ. ಅಪರಿಚಿತರ ಚಿತ್ರಗಳಲ್ಲಿ ನಾವೂ ಸೆರೆಯಾಗುತ್ತಿದ್ದೇವೆ. ಆದಕಾರಣ ಹೀಗೆ ಕರೆಯದೆ ಬಂದವರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದು ತಂತ್ರದ ಪ್ರಶ್ನೆಯೂ ಹೌದು, ನಡತೆಯ ಪ್ರಶ್ನೆಯೂ ಹೌದು.

ಛಾಯಾಚಿತ್ರಣದ ಇತಿಹಾಸವು ಪ್ರಾರಂಭವಾಗುವುದೇ ಇಂತಹ ಒಬ್ಬ ದಾರಿಹೋಕನಿಂದ ಎಂದರೆ ಅತಿಶಯೋಕ್ತಿಯಾಗಲಾರದು. 1838ರಲ್ಲಿ ಫ್ರಾನ್ಸಿನ ಲೂಯಿ ದಗೇರ್ ಎಂಬಾತನು ಪ್ಯಾರಿಸ್ ನಗರದ ಬುಲೆವಾರ್ ದ್ಯು ತಾಂಪ್ಲ್ ಎಂಬ ಬೀದಿಯನ್ನು ಎತ್ತರದ ಕಿಟಕಿಯೊಂದರಿಂದ ಚಿತ್ರಿಸಿದನು. ಅದು ಜನರಿಂದಲೂ ಕುದುರೆಗಾಡಿಗಳಿಂದಲೂ ಗಿಜಿಗುಡುತ್ತಿದ್ದ ಬೀದಿ. ಆದರೆ ಬೆಳ್ಳಿಯ ಲೇಪವಿದ್ದ ಅಂದಿನ ತಾಮ್ರದ ಫಲಕವು ಬೆಳಕನ್ನು ಹೀರಿಕೊಳ್ಳಲು ಕೆಲವು ನಿಮಿಷಗಳೇ ಬೇಕಾಗುತ್ತಿದ್ದವು. ಅಷ್ಟು ಹೊತ್ತಿನಲ್ಲಿ ನಡೆದುಹೋದವರ, ಓಡಿಹೋದ ಗಾಡಿಗಳ ಯಾವ ಗುರುತೂ ಫಲಕದ ಮೇಲೆ ಉಳಿಯಲಿಲ್ಲ; ಚಿತ್ರದಲ್ಲಿ ಬೀದಿ ಬರಿದಾಗಿ ಕಾಣುತ್ತದೆ. ಬೀದಿಯ ಅಂಚಿನಲ್ಲಿ ಒಬ್ಬನು ಮಾತ್ರ ಕಾಲನ್ನು ಮುಂದಿಟ್ಟು ಬೂಟಿಗೆ ಪಾಲಿಷ್ ಮಾಡಿಸಿಕೊಳ್ಳುತ್ತ ನಿಂತಿದ್ದನು. ಕದಲದೆ ನಿಂತ ಕಾರಣದಿಂದ ಅವನ ಆಕೃತಿ ಉಳಿಯಿತು. ಮನುಷ್ಯನ ರೂಪ ಮೂಡಿರುವ ಅತ್ಯಂತ ಹಳೆಯ ಛಾಯಾಚಿತ್ರವೆಂದು ಇದನ್ನು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಅವನ ಹೆಸರು ಯಾರಿಗೂ ತಿಳಿಯದು. ತನ್ನ ಚಿತ್ರ ತೆಗೆಯಲಾಗುತ್ತಿದೆಯೆಂದು ಅವನಿಗೂ ತಿಳಿದಿದ್ದಂತಿಲ್ಲ. ಚಲಿಸುವವನು ಅಳಿಯುತ್ತಾನೆ, ನಿಂತವನು ಉಳಿಯುತ್ತಾನೆ ಎಂಬ ಈ ನಿಯಮವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದಲೇ ನಮಗೆ ಒಂದು ಉಪಾಯ ದೊರೆಯಲಿದೆ.

ನಮ್ಮ ನಾಡಿಗೂ ಈ ಕಲೆ ಬಹುಬೇಗನೆ ಬಂದಿತು. 1854ರ ಡಿಸೆಂಬರಿನಲ್ಲಿ ಲಿನ್ನಿಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದನು. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಮತ್ತೊಬ್ಬ ಅಧಿಕಾರಿಯು ಮೇಣ ಹಚ್ಚಿದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಹಂಪಿಯ ಅವಶೇಷಗಳನ್ನು ಮೂಡಿಸಿದನು. ಗ್ರೀನ್‌ಲಾನ ಚಿತ್ರದಲ್ಲಿ ಕಲ್ಲಿನ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವೊಂದು ಕಾಣುತ್ತದೆ. ಇಂದು ಅದು ಅಲ್ಲಿ ಇಲ್ಲ. ಅಂದು ಆತನು ಆ ಗೋಪುರ ಅಂದವಾಗಿಲ್ಲವೆಂದು ಚಿತ್ರದಿಂದ ಅಳಿಸಿಬಿಟ್ಟಿದ್ದರೆ, ರಥವು ಹಿಂದೆ ಹೇಗಿತ್ತೆಂಬುದನ್ನು ಕಣ್ಣಾರೆ ತೋರಿಸುವ ಒಂದು ದೊಡ್ಡ ಸಾಕ್ಷ್ಯವೇ ನಮಗೆ ಇಲ್ಲವಾಗುತ್ತಿತ್ತು. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗಾಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ ಅದೇ ನೋಟಗಳನ್ನು ಮತ್ತೆ ಚಿತ್ರಿಸಿದರು. ಹಳೆಯದನ್ನೂ ಹೊಸದನ್ನೂ ಹೋಲಿಸಿ ನೋಡಲು ಸಾಧ್ಯವಾದದ್ದು ಹಳೆಯ ಚಿತ್ರಗಳು ಕಂಡದ್ದನ್ನು ಕಂಡಂತೆ ಉಳಿಸಿಕೊಟ್ಟಿದ್ದರಿಂದಲೇ ಅಲ್ಲವೇ?

ಇಷ್ಟು ಪೀಠಿಕೆಯ ನಂತರ ಉಪಾಯಗಳಿಗೆ ಬರೋಣ. ಚಿತ್ರದಲ್ಲಿ ಅನ್ಯರು ಬೇಡವೆಂಬ ಅಪೇಕ್ಷೆ ತಪ್ಪೇನೂ ಅಲ್ಲ. ಶಿಲ್ಪದ ವಿವರಗಳನ್ನು ಪಾಠಕ್ಕಾಗಿ ತೋರಿಸಬೇಕಾದಾಗ ಗೋಡೆಯ ಮುಂದೆ ಜನ ನಿಂತಿದ್ದರೆ ಉಪಯೋಗವಿಲ್ಲ.

ಮೊದಲನೆಯ ಉಪಾಯವು ಹೊತ್ತನ್ನು ಆರಿಸಿಕೊಳ್ಳುವುದು. ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲಿ ಜನ ಕಡಿಮೆ. ಬಿಸಿಲು ಓರೆಯಾಗಿ ಬೀಳುವುದರಿಂದ ಕೆತ್ತನೆಯ ಉಬ್ಬುತಗ್ಗುಗಳೂ ಚೆನ್ನಾಗಿ ಕಾಣುತ್ತವೆ. ಭಾನುವಾರಕ್ಕಿಂತ ವಾರದ ನಡುವಿನ ದಿನ ಮೇಲು. ಎರಡನೆಯದು ನಿಲ್ಲುವ ಜಾಗವನ್ನು ಬದಲಿಸುವುದು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಹಿಂದಿನ ಗುಂಪು ಕಂಬವೊಂದರ ಮರೆಗೆ ಹೋಗಬಹುದು. ಮಂಡಿಯೂರಿ ಕ್ಯಾಮೆರಾವನ್ನು ತಗ್ಗಿಸಿದರೆ ಮುಂದಿರುವ ಜಗಲಿಯೇ ದೂರದ ಜನರನ್ನು ಮುಚ್ಚಬಹುದು. ನಿಮ್ಮವರ ಮುಖವೇ ಮುಖ್ಯವಾಗಿದ್ದರೆ ಹತ್ತಿರಕ್ಕೆ ಹೋಗಿ; ಹಿಂದಿನವರು ಚೌಕಟ್ಟಿನಿಂದ ತಾವಾಗಿಯೇ ಹೊರಗಾಗುತ್ತಾರೆ. ಮೂರನೆಯದು ಕಾಯುವುದು. ಪ್ರವಾಸಿ ಸ್ಥಳಗಳಲ್ಲಿ ಜನರು ಸತತವಾಗಿ ಹರಿದುಬರುವುದಿಲ್ಲ, ಬಸ್ಸಿನ ಲೆಕ್ಕದಲ್ಲಿ ಅಲೆಅಲೆಯಾಗಿ ಬರುತ್ತಾರೆ. ಒಂದು ಗುಂಪು ಹೊರಟು ಮುಂದಿನದು ತಲುಪುವ ನಡುವೆ ಸ್ವಲ್ಪ ಬಿಡುವು ದೊರೆಯುತ್ತದೆ. ಹತ್ತು ನಿಮಿಷ ಸುಮ್ಮನೆ ಕುಳಿತು ನೋಡಿದವರಿಗೆ ಈ ಲಯ ತಿಳಿಯುತ್ತದೆ.

ನಾಲ್ಕನೆಯ ಉಪಾಯವು ಎಲ್ಲಕ್ಕಿಂತ ಸುಲಭವಾದರೂ ನಾವು ಬಳಸುವುದು ಕಡಿಮೆ, ಅದೆಂದರೆ ಕೇಳಿಕೊಳ್ಳುವುದು. "ಅಣ್ಣಾ, ಒಂದೇ ನಿಮಿಷ, ಒಂದು ಫೋಟೋ ತೆಗೆದುಕೊಳ್ಳುತ್ತೇನೆ" ಎಂದರೆ ಸರಿಯದವರು ಅಪರೂಪ. ಹಿರಿಯರಾದರೆ ಅವರು ದಾಟಿಹೋಗುವವರೆಗೆ ನಾವೇ ನಿಲ್ಲುವುದು ಲೇಸು. ಕೇಳಿಕೊಂಡ ಮೇಲೆ ಮಾತಿನಂತೆ ಒಂದೇ ನಿಮಿಷದಲ್ಲಿ ಮುಗಿಸಬೇಕು. ಮುಗಿದೊಡನೆ ಉಪಕಾರವಾಯಿತೆಂದು ಹೇಳಬೇಕು. ಸಾರ್ವಜನಿಕ ಸ್ಥಳದಲ್ಲಿ ನಿಲ್ಲಲು ನಮಗಿರುವ ಹಕ್ಕು ಅವರಿಗೂ ಉಂಟು. ಕೈಬೀಸಿ, ಗದರಿಸಿ ಜನರನ್ನು ಸರಿಸುವವನು ಅಂಗಳವನ್ನೇ ಗುತ್ತಿಗೆ ಹಿಡಿದವನಂತೆ ಕಾಣುತ್ತಾನೆ.

ಐದನೆಯದು ದಗೇರನ ಬೀದಿ ಕಲಿಸಿದ ಉಪಾಯ. ಪ್ರಖರ ಬಿಸಿಲಿನಲ್ಲಿ, ಐ.ಎಸ್.ಓ. 100ರಲ್ಲಿ, ಮಸೂರದ ರಂಧ್ರವನ್ನು ಎಫ್ 16ಕ್ಕೆ ಕಿರಿದುಗೊಳಿಸಿದರೆ ಸೆಕೆಂಡಿನ ಸುಮಾರು ನೂರನೆಯ ಒಂದು ಭಾಗದಷ್ಟು ಬೆಳಕು ಸಾಕಾಗುತ್ತದೆ. ಮಸೂರದ ಮುಂದೆ ಬೆಳಕನ್ನು ಸಾವಿರದಲ್ಲೊಂದು ಪಾಲಿಗೆ ಇಳಿಸುವ ಕಪ್ಪು ಗಾಜನ್ನು, ಅಂದರೆ ನ್ಯೂಟ್ರಲ್ ಡೆನ್ಸಿಟಿ ಫಿಲ್ಟರನ್ನು ಇಟ್ಟರೆ ಅದೇ ಚಿತ್ರಕ್ಕೆ 10 ಸೆಕೆಂಡು ಬೇಕಾಗುತ್ತದೆ. ಮೋಡ ಕವಿದು ಬೆಳಕು ಎಂಟರಲ್ಲೊಂದು ಪಾಲಾದರೆ 80 ಸೆಕೆಂಡು. ಸಾಧಾರಣವಾಗಿ ನಡೆಯುವ ಮನುಷ್ಯನು ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು ದೂರ ಸಾಗುತ್ತಾನೆ. ಕ್ಯಾಮೆರಾದ ಮುಂದೆ ಅಡ್ಡಲಾಗಿ ಹೋಗುವವನು ಗೋಡೆಯ ಯಾವುದೇ ಒಂದು ಬಿಂದುವನ್ನು ಮರೆಮಾಡುವುದು ಅರ್ಧ ಸೆಕೆಂಡಿಗಿಂತಲೂ ಕಡಿಮೆ ಹೊತ್ತು. 10 ಸೆಕೆಂಡಿನ ಚಿತ್ರದಲ್ಲಿ ಅವನ ಪಾಲು ಸುಮಾರು ಇಪ್ಪತ್ತೈದರಲ್ಲಿ ಒಂದು. 80 ಸೆಕೆಂಡಿನದರಲ್ಲಿ ಇನ್ನೂರರಲ್ಲಿ ಒಂದು. ಹೀಗಾಗಿ ಅವನು ತೆಳುವಾದ ಮಂಜಿನಂತಾಗಿ ಕೊನೆಗೆ ಕಾಣದಾಗುತ್ತಾನೆ. ಆದರೆ ಜಗಲಿಯ ಮೇಲೆ ಕುಳಿತು ಬುತ್ತಿ ಬಿಚ್ಚಿದವರು, ಬೂಟಿನ ಮನುಷ್ಯನಂತೆ, ಉಳಿದೇ ಉಳಿಯುತ್ತಾರೆ. ಇದಕ್ಕೆ ಕ್ಯಾಮೆರಾ ಕದಲದಂತೆ ಟ್ರೈಪಾಡ್ ಬೇಕು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಪಡೆಯಬೇಕಾಗುವುದರಿಂದ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಆರನೆಯದು ಗಣಿತದ ಉಪಾಯ. ಕದಲದ ಕ್ಯಾಮೆರಾದಿಂದ ಅರ್ಧರ್ಧ ನಿಮಿಷಕ್ಕೊಂದರಂತೆ ಹದಿನೈದು ಚಿತ್ರಗಳನ್ನು ತೆಗೆದು, ಗಣಕಯಂತ್ರದಲ್ಲಿ ಒಂದರ ಮೇಲೊಂದು ಜೋಡಿಸಿ, ಪ್ರತಿಯೊಂದು ಬಿಂದುವಿಗೂ ಹದಿನೈದು ಬೆಲೆಗಳ ಮಧ್ಯಾಂಕವನ್ನು ತೆಗೆದುಕೊಳ್ಳುವುದು. ನಮ್ಮ ಶಾಲೆಗಳಲ್ಲಿ ಸಂಖ್ಯಾಶಾಸ್ತ್ರದ ಪಾಠದಲ್ಲಿ ಕಲಿಸುವ ಮಧ್ಯಾಂಕವೇ ಇದು. ಎಂಟು ಅಥವಾ ಅದಕ್ಕಿಂತ ಹೆಚ್ಚು ಚಿತ್ರಗಳಲ್ಲಿ ಒಂದೆಡೆ ಬರಿಯ ಗೋಡೆ ಕಂಡಿದ್ದರೆ ಮಧ್ಯಾಂಕವೂ ಗೋಡೆಯದೇ ಆಗಿರುತ್ತದೆ. ಆಗೊಮ್ಮೆ ಈಗೊಮ್ಮೆ ಹಾದುಹೋದವರು ಬಿಟ್ಟುಹೋಗುತ್ತಾರೆ. ಗಣಿತದ ಅಧ್ಯಾಪಕರು ಮಕ್ಕಳಿಂದ ಇದನ್ನು ಮಾಡಿಸಿ ನೋಡಿದರೆ, ಸರಾಸರಿಗೂ ಮಧ್ಯಾಂಕಕ್ಕೂ ಇರುವ ಅಂತರವು ಅವರ ಮನಸ್ಸಿನಲ್ಲಿ ಎಂದಿಗೂ ಅಳಿಯದಂತೆ ನಿಲ್ಲುತ್ತದೆ. ಸರಾಸರಿಯಲ್ಲಿ ಹಾದುಹೋದವನ ನೆರಳು ಉಳಿಯುತ್ತದೆ, ಮಧ್ಯಾಂಕದಲ್ಲಿ ಉಳಿಯುವುದಿಲ್ಲ.

ಈಚೆಗೆ ಏಳನೆಯದೊಂದು ಬಂದಿದೆ. ಬೆರಳಿನಿಂದ ಸುತ್ತುಗೆರೆ ಎಳೆದರೆ ಸಾಕು, ಬೇಡವಾದ ಮನುಷ್ಯನನ್ನು ಫೋನೇ ಅಳಿಸಿಬಿಡುತ್ತದೆ. ಇದರಲ್ಲಿರುವ ಅಪಾಯವನ್ನು ಸ್ಪಷ್ಟವಾಗಿ ತಿಳಿಯಬೇಕು. ಹಿಂದಿನ ಎರಡು ಉಪಾಯಗಳಲ್ಲಿ ಕ್ಯಾಮೆರಾ ಗೋಡೆಯನ್ನು ನಿಜವಾಗಿಯೂ ಕಂಡಿರುತ್ತದೆ. ಇಲ್ಲಿ ಹಾಗಲ್ಲ, ಮನುಷ್ಯನ ಹಿಂದೆ ಏನಿತ್ತೆಂಬುದು ಯಂತ್ರಕ್ಕೆ ತಿಳಿಯದು, ಸುತ್ತಣ ಭಾಗವನ್ನು ನೋಡಿ ಊಹಿಸಿ ತುಂಬುತ್ತದೆ. ಆಕಾಶವೋ ಮರಳೋ ಆದರೆ ಹಾನಿಯಿಲ್ಲ. ಹಳೇಬೀಡಿನ ಶಿಲ್ಪಪಂಕ್ತಿಯ ಮುಂದೆ ನಿಂತವರನ್ನು ಅಳಿಸಿದರೆ ಯಾವ ಶಿಲ್ಪಿಯೂ ಕೆತ್ತದ ಆನೆಯೊಂದು ಆ ಸಾಲಿನಲ್ಲಿ ಹುಟ್ಟಿಕೊಂಡೀತು. ಮನೆಯ ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಇದು ಆದೀತು. ದಾಖಲೆಗೆ, ಪಾಠಕ್ಕೆ, ಸ್ಮರಣಸಂಚಿಕೆಗೆ ಸಲ್ಲದು.

ಇಷ್ಟೆಲ್ಲ ಹೇಳಿದ ಮೇಲೆ ಇದರ ಮತ್ತೊಂದು ಮುಖವನ್ನೂ ನೋಡಬೇಕು. ಬಂದವರನ್ನು ಹೊರಗಿಡುವ ಬದಲು ಒಳಗೆ ಸೇರಿಸಿಕೊಂಡರೆ ಹೇಗೆ? ವಿಜಯಪುರದ ಗೋಲಗುಮ್ಮಟದ ಗುಮ್ಮಟಕ್ಕೆ ಹೊರಗಿನಿಂದ ಸುಮಾರು 44 ಮೀಟರಿನ ವ್ಯಾಸವಿದೆ. ಜನರಿಲ್ಲದ ಚಿತ್ರದಲ್ಲಿ ಅದು ಮೇಜಿನ ಮೇಲಿಟ್ಟ ಮಾದರಿಯಂತೆ ತೋರಬಹುದು. ಬಾಗಿಲ ಬಳಿ ಒಬ್ಬನು ನಡೆಯುತ್ತಿದ್ದರೆ ಅದರ ಅಗಾಧತೆ ತಟ್ಟನೆ ಹೊಳೆಯುತ್ತದೆ. ಶ್ರವಣಬೆಳಗೊಳದ ಗೊಮ್ಮಟನ ಎತ್ತರ ಸುಮಾರು 57 ಅಡಿ ಎಂದು ಪುಸ್ತಕದಲ್ಲಿ ಓದುವುದು ಬೇರೆ, ಪಾದದ ಬಳಿ ಕೈಮುಗಿದು ನಿಂತ ಯಾತ್ರಿಕನೊಬ್ಬನನ್ನು ಚಿತ್ರದಲ್ಲಿ ನೋಡಿ ತಿಳಿಯುವುದು ಬೇರೆ. ಹತ್ತೊಂಬತ್ತನೆಯ ಶತಮಾನದ ಛಾಯಾಗ್ರಾಹಕರು ಸ್ಮಾರಕಗಳ ಮುಂದೆ ಒಬ್ಬರನ್ನು ಬೇಕೆಂದೇ ನಿಲ್ಲಿಸುತ್ತಿದ್ದುದುಂಟು. ಕಟ್ಟಡಕ್ಕೆ ಅವರೇ ಅಳತೆಗೋಲು.

ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸೋಂ 1932ರಲ್ಲಿ ಇಯೇರ್ ಎಂಬ ಊರಿನಲ್ಲಿ ತೆಗೆದ ಚಿತ್ರವೊಂದು ಜಗತ್ಪ್ರಸಿದ್ಧವಾಗಿದೆ. ಸುತ್ತಿಕೊಂಡು ಇಳಿಯುವ ಮೆಟ್ಟಿಲುಗಳು, ಕೆಳಗೆ ಬಾಗಿದ ಬೀದಿ, ಆ ಬೀದಿಯಲ್ಲಿ ಮಿಂಚಿನಂತೆ ಹಾದುಹೋಗುವ ಒಬ್ಬ ಸೈಕಲ್ ಸವಾರ. ಸವಾರನಿಲ್ಲದಿದ್ದರೆ ಅದು ಬರಿಯ ಮೆಟ್ಟಿಲುಗಳ ಚಿತ್ರವಾಗುತ್ತಿತ್ತು. ನಮ್ಮವರೇ ಆದ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ತಮ್ಮ ಬಾಳಿನುದ್ದಕ್ಕೂ ಸಾಮಾನ್ಯ ಜನರ ದೈನಂದಿನ ಬದುಕನ್ನೇ ಚಿತ್ರಿಸಿದರು. 1977ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಇತರರ ಚಿತ್ರಗಳ ಅಂಚಿನಲ್ಲಿ ಉಳಿದುಬಿಡುವಂತಹ ಜನರು ಅವರ ಚಿತ್ರಗಳ ನಡುವೆ ನಿಂತಿದ್ದಾರೆ. ಹೀಗೆ ಮಾಡಬಯಸುವವರು ಎರಡು ಸಂಗತಿಗಳನ್ನು ಗಮನಿಸಬೇಕು. ಬರುವವನ ಮುಂದೆ ಚೌಕಟ್ಟಿನಲ್ಲಿ ನಡೆಯಲು ಸ್ವಲ್ಪ ಜಾಗವಿರಬೇಕು. ಅವನ ಆಕೃತಿಯು ಹಿಂದಿನ ಕಂಬದೊಡನೆ ಬೆರೆತುಹೋಗದೆ ಬೆಳಕಿನ ಎದುರಿಗೆ ಬಿಡಿಯಾಗಿ ಕಾಣುವ ಕ್ಷಣಕ್ಕೆ ಕಾಯಬೇಕು.

ಸೇರಿಸಿಕೊಳ್ಳುವುದೆಂದರೆ ಮನಬಂದಂತೆ ಸೆರೆಹಿಡಿಯುವುದಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಅರ್ಜಿದಾರರಾಗಿದ್ದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪು ನೀಡಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನ ಪ್ರಕಾರ, ತನ್ನನ್ನು ಯಾರೂ ನೋಡುತ್ತಿಲ್ಲವೆಂದು ಸಹಜವಾಗಿ ನಂಬಿ ಖಾಸಗಿ ಕಾರ್ಯದಲ್ಲಿರುವ ಸ್ತ್ರೀಯ ಚಿತ್ರವನ್ನು ತೆಗೆಯುವುದೂ ಹರಡುವುದೂ ಅಪರಾಧ. ಕಾನೂನು ಹೇಳುವುದು ಕನಿಷ್ಠ ಮರ್ಯಾದೆಯನ್ನು. ಸಜ್ಜನಿಕೆ ಅದಕ್ಕಿಂತ ಮುಂದೆ ಹೋಗಬೇಕು. ಹೊಳೆಯ ಘಟ್ಟದಲ್ಲಿ ಮೀಯುವವರು, ಶೋಕದಲ್ಲಿರುವವರು, ಆಸ್ಪತ್ರೆಯ ಬಾಗಿಲಲ್ಲಿ ಕಾದು ಕುಳಿತವರು ಚೌಕಟ್ಟಿನೊಳಗೆ ಬಂದರೆ ನಾವೇ ಕ್ಯಾಮೆರಾವನ್ನು ತಿರುಗಿಸಬೇಕು. ಯಾರಾದರೂ ತಮ್ಮ ಚಿತ್ರ ಬೇಡವೆಂದರೆ ವಾದಿಸದೆ ಅಳಿಸಬೇಕು. ಅಪರಿಚಿತರ ಮಕ್ಕಳ ಮುಖ ಸ್ಪಷ್ಟವಾಗಿ ಕಾಣುವ ಚಿತ್ರಗಳನ್ನು ತಂದೆತಾಯಿಯರ ಒಪ್ಪಿಗೆಯಿಲ್ಲದೆ ಊರಿಗೆಲ್ಲ ಹಂಚಬಾರದು. ಶಾಲೆಗಳ ಮಟ್ಟಿಗಂತೂ ಈ ಮಾತನ್ನು ಇನ್ನಷ್ಟು ಒತ್ತಿ ಹೇಳಬೇಕು.

ಕೊನೆಯದಾಗಿ ನನ್ನ ಸ್ವಂತ ತಪ್ಪೊಂದನ್ನು ವಾಚಕರಲ್ಲಿ ನಿವೇದಿಸಿಕೊಳ್ಳುತ್ತೇನೆ. 1983ರಲ್ಲಿ ನಾನು ಅಧ್ಯಾಪಕನಾಗಿದ್ದ ಶಾಲೆಯ ವಿದ್ಯಾರ್ಥಿನಿಲಯಕ್ಕೆ ಹೊಸ ಕಟ್ಟಡವಾಯಿತು. ದಾನಿಗಳಿಗೆ ಕಳುಹಿಸಲು ಅದರ ಚಿತ್ರ ತೆಗೆಯುವ ಹೊಣೆ ನನ್ನ ಪಾಲಿಗೆ ಬಂದಿತು. ನಾನು ಗುಂಡಿಯನ್ನು ಒತ್ತುತ್ತಿದ್ದಂತೆ ನಿಲಯದ ಅಡುಗೆಯ ಹಿರಿಯರು ಸೌದೆಯ ಹೊರೆ ಹೊತ್ತು ಎದುರಿಗೆ ಬಂದುಬಿಟ್ಟರು. "ಅಜ್ಜಾ, ಆಚೆ ಸರಿಯಿರಿ, ಫಿಲಂ ಹಾಳಾಯಿತು" ಎಂದು ನಾನು ಸಿಡುಕಿದೆ. ಅವರು ಏನೂ ಹೇಳದೆ, ಹೊರೆಯೊಡನೆ ಕಟ್ಟಡವನ್ನು ಬಳಸಿಕೊಂಡು ಹಿಂಬದಿಯಿಂದ ಹೋದರು. ಮತ್ತೊಂದು ಚಿತ್ರ ತೆಗೆದೆ, ಅದೇ ಅಚ್ಚಾಯಿತು.

ಇಪ್ಪತ್ತು ವರ್ಷಗಳ ತರುವಾಯ ಅವರ ಮಗ ನನ್ನನ್ನು ಹುಡುಕಿಕೊಂಡು ಬಂದರು. ತಂದೆ ತೀರಿಹೋಗಿ ಬಹುಕಾಲವಾಗಿತ್ತು. ಮನೆಯಲ್ಲಿ ಅವರದೊಂದೂ ಚಿತ್ರವಿರಲಿಲ್ಲ. "ಸಾಹೇಬರೇ, ಶಾಲೆಯಲ್ಲಿ ಯಾವುದಾದರೂ ಇದ್ದೀತೇ?" ಎಂದು ಕೇಳಿದರು. ಇಬ್ಬರೂ ಕುಳಿತು ಹಳೆಯ ಸಂಚಿಕೆಗಳನ್ನೆಲ್ಲ ಮಗುಚಿ ನೋಡಿದೆವು. ಅಧ್ಯಾಪಕರಿದ್ದರು, ಅತಿಥಿಗಳಿದ್ದರು, ಬಹುಮಾನ ಪಡೆದ ಹುಡುಗರಿದ್ದರು. ಆ ಹುಡುಗರಿಗೆ ದಿನವೂ ಎರಡು ಹೊತ್ತು ಅನ್ನವಿಕ್ಕಿದವರು ಎಲ್ಲಿಯೂ ಇರಲಿಲ್ಲ. ಕಟ್ಟಕಡೆಗೆ ನನ್ನ ಪೆಟ್ಟಿಗೆಯಲ್ಲಿದ್ದ ನೆಗೆಟಿವ್‌ಗಳಲ್ಲಿ, ಲಕೋಟೆಯ ಮೇಲೆ ನಾನೇ ‘ಕೆಟ್ಟದ್ದು’ ಎಂದು ಬರೆದಿಟ್ಟಿದ್ದ ತುಣುಕು ಸಿಕ್ಕಿತು. ಹೊರೆಯ ನೆರಳಿನಲ್ಲಿ ಅರ್ಧ ಮುಖ. ಎತ್ತಿದ ಕಾಲು ಮಸುಕು. ಅಚ್ಚು ಹಾಕಿಸಿ ಕೊಟ್ಟೆ. ಅವರು ಬಹಳ ಹೊತ್ತು ನೋಡಿ, "ಅಪ್ಪನೇ. ಎಡಗಾಲನ್ನು ಹೀಗೇ ಸ್ವಲ್ಪ ಹೊರಗೆ ಹಾಕುತ್ತಿದ್ದರು" ಎಂದರು. ಅಂದು ಅವರ ಮುಂದೆ ನನ್ನ ಸಿಡುಕಿನ ಮಾತನ್ನು ಹೇಳಿಕೊಳ್ಳುವ ಧೈರ್ಯ ನನಗಾಗಲಿಲ್ಲ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ವಿನಂತಿ. ಚಿತ್ರವನ್ನು ಕತ್ತರಿಸಿ ಅಚ್ಚು ಮಾಡಿದರೂ ಮೂಲವನ್ನು ಹಾಗೆಯೇ ಕಾದಿರಿಸಿರಿ. ಸ್ಥಳ, ದಿನಾಂಕ, ಹೆಸರುಗಳನ್ನು ಅಂದೇ ಬರೆದಿಡಿರಿ. ನಡುವೆ ಕುಳಿತವರದಷ್ಟೇ ಅಲ್ಲ, ಅಂಚಿನಲ್ಲಿ ನಿಂತವರ ಹೆಸರುಗಳನ್ನು ಸಹ. ಗಂಟೆ ಬಾರಿಸುವವರು, ಅಂಗಳ ಗುಡಿಸುವವರು, ಅಡುಗೆ ಮಾಡುವವರು, ಬಸ್ಸು ನಡೆಸುವವರು ಅಕಸ್ಮಾತ್ತಾಗಿ ಚೌಕಟ್ಟಿನೊಳಗೆ ಬಂದುದನ್ನೇ ನೆಚ್ಚಿಕೊಳ್ಳದೆ, ವರ್ಷಕ್ಕೊಮ್ಮೆಯಾದರೂ ಅವರನ್ನು ಕರೆದು, ಅವರ ಒಪ್ಪಿಗೆ ಪಡೆದು, ನಡುವೆ ಕುಳ್ಳಿರಿಸಿ ಚಿತ್ರ ತೆಗೆಯಿರಿ. ದಾನಿಗಳ ಮನೆಗಳಲ್ಲಿಯೂ ಹಳೆಯ ಸಮಾರಂಭಗಳ ಚಿತ್ರಗಳಿರಬಹುದು. ಅವನ್ನು ಹೊರತೆಗೆದಾಗ ಒಮ್ಮೆ ಅಂಚುಗಳನ್ನೂ ನೋಡಿರಿ. ಅಲ್ಲಿ ಹಾದುಹೋಗುತ್ತಿರುವವರ ಗುರುತು ಸಿಕ್ಕಿದರೆ ಹಿಂಬದಿಯಲ್ಲಿ ಹೆಸರು ಬರೆದು, ಒಂದು ಪ್ರತಿಯನ್ನು ಅವರ ಮನೆಗೆ ತಲುಪಿಸಿರಿ.